ಸೋದರತ್ತೆಯರ ಸಾವು ಯಾವ ಮನೆಯದು

ನನಗೆ ಎದೆ ಇದೆ, ಮೊಲೆಗಳಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ಸುಖ. ಜಹೀರಾಬಾದಿನ ನಮ್ಮ ಅಂಗಡಿಗೆ ಬಂದವರ ಕಣ್ಣು ಮಾತಿನ ನಡುವೆ ನನ್ನ ಸೆರಗಿನ ಕಡೆಗೆ ಜಾರುತ್ತದೆ, ತಟ್ಟನೆ ಮೇಲೆ ಬರುತ್ತದೆ. ಆಮೇಲೆ ಅವರು ಬೇಕಿಲ್ಲದಿದ್ದರೂ ತೊಗರಿ ಬೀಜದ ದರ ಕೇಳುತ್ತಾರೆ. ನೋಡಿಕೊಳ್ಳಲಿ, ತಪ್ಪೇನಿಲ್ಲ. ಎರಡನ್ನೂ ಹೈದರಾಬಾದಿನ ಆಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದೇನೆ. ಇದನ್ನು ಬರೆಯುತ್ತಿರುವುದು ಯಾರ ಕನಿಕರವೂ ಬೇಕೆಂದಲ್ಲ. ನಮ್ಮಂಥ ಮನೆಗಳಲ್ಲಿ ಯಾರೋ ಒಬ್ಬಳು ಈಗಲೂ ಬಚ್ಚಲುಮನೆಯಲ್ಲಿ ಗಂಟೊಂದನ್ನು ಮುಟ್ಟಿ ನೋಡಿಕೊಂಡು, ಯಾರಿಗೆ ಹೇಳಲಿ ಎಂದು ನಿಂತಿರುತ್ತಾಳೆ. ಅವಳು ಓದಲಿ ಎಂದು ಬರೆಯುತ್ತಿದ್ದೇನೆ.

ನನ್ನ ಹೆಸರು ಸುವರ್ಣಾ. ತವರು ಝರಾಸಂಗಂ, ಕೊಟ್ಟ ಮನೆ ಜಹೀರಾಬಾದ್. ಗಂಡ ರಾಜಶೇಖರ ಮತ್ತು ನಾನು ಬೀಜ, ಗೊಬ್ಬರ, ಕೀಟನಾಶಕದ ಅಂಗಡಿ ಇಟ್ಟಿದ್ದೇವೆ. ಮನೆಯಲ್ಲಿ ಕನ್ನಡ, ಗಿರಾಕಿಗಳ ಜೊತೆ ತೆಲುಗು, ಹಮಾಲರ ಜೊತೆ ಉರ್ದು. ಮೂರರಲ್ಲೂ ಜಗಳವಾಡಬಲ್ಲೆ. ಗಂಟು ಕೈಗೆ ಸಿಕ್ಕಾಗ ನನಗೆ ನಲವತ್ತು ದಾಟಿರಲಿಲ್ಲ. ಬಿತ್ತನೆಯ ಹಂಗಾಮು, ಅಂಗಡಿಯ ಮುಂದೆ ಜನವೋ ಜನ. ರಾಜಶೇಖರರಿಗೆ ಹೇಳಿದೆ, ಹಂಗಾಮು ಮುಗಿಯಲಿ ಎಂದೂ ಸೇರಿಸಿದೆ. ಅವರು ಹೋಗಿ ಅಂಗಡಿಯ ಷಟರ್ ಎಳೆದು ಬಂದರು. ಈಗಲೂ ಅವರ ಮೇಲೆ ವಿಪರೀತ ಸಿಟ್ಟು ಬಂದಾಗ ನಾನು ಆ ಷಟರಿನ ಸದ್ದು ನೆನೆಸಿಕೊಂಡು ಸುಮ್ಮನಾಗುತ್ತೇನೆ.

ಹೈದರಾಬಾದಿನಲ್ಲಿ ಸೂಜಿಯಿಂದ ಗಂಟಿನ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಹೇಳಿದ ದಿನ ಅಪ್ಪ, ಅವ್ವ ಇಬ್ಬರೂ ಜೊತೆಗಿದ್ದರು. ಮನೆತನದಲ್ಲಿ ಮತ್ತೆ ಯಾರಿಗಾದರೂ ಈ ಕಾಯಿಲೆ ಬಂದಿತ್ತೇ ಎಂದು ಡಾಕ್ಟರು ಕೇಳಿದರು. ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತ. ಊರಲ್ಲಿ ಜಗಳ ಬಿಡಿಸಲು, ಪಾಲು ಮಾಡಿಸಲು ಜನ ಕರೆಯುವ ಮನುಷ್ಯ ಅವನು, ಕಾಶೀನಾಥಪ್ಪ ಎಂದರೆ ಝರಾಸಂಗಂನಲ್ಲಿ ಒಂದು ತೂಕವಿದೆ. "ನಮ್ಮ ಖಾನದಾನದಾಗ ಯಾರಿಗೂ ಇಲ್ರಿ ಡಾಕ್ಟರ್ ಸಾಬ. ಎಲ್ಲಾರೂ ಗಟ್ಟಿ ಮಂದಿ," ಎಂದು ಕನ್ನಡದಲ್ಲೇ ಶುರು ಮಾಡಿ, ಆಮೇಲೆ ನೆನಪಾಗಿ ತೆಲುಗಿಗೆ ಹೊರಳಿದ. ಅವನು ಸುಳ್ಳು ಹೇಳುತ್ತಿರಲಿಲ್ಲ. ತನಗೆ ಗೊತ್ತಿದ್ದದ್ದನ್ನೇ ಹೇಳಿದ್ದ, ಅವ್ವನೂ ತಲೆಯಾಡಿಸಿದಳು.

ಸುದ್ದಿ ಹರಡಿದ ಮೇಲೆ ಕಾರಣ ಹುಡುಕಿ ಕೊಡುವವರಿಗೆ ಬರವಿರಲಿಲ್ಲ. ಅಂಗಡಿಯ ಔಷಧದ ವಾಸನೆ ಕುಡಿದು ಬಂದದ್ದು ಎಂದರು. ಮಗನಿಗೆ ಹಾಲು ಬೇಗ ಬಿಡಿಸಿದೆ ಎಂದು ಒಬ್ಬರು, ತೀರಾ ತಡವಾಗಿ ಬಿಡಿಸಿದೆ ಎಂದು ಇನ್ನೊಬ್ಬರು. ಗಂಡನ ಕಡೆಯ ದೂರದ ಸಂಬಂಧಿ ಒಬ್ಬಳು ಮನೆಗೇ ಬಂದು ಕೂತು, "ನೀ ಬಾಳ ಬಾಯಿ ಮಾಡ್ತಿದ್ದಿ ಸುವರ್ಣಾ. ಯಾರ್ದೋ ಮನಸ ನೊಂದದ," ಎಂದಳು.

"ಹಂಗಿದ್ರ ನಿಮಗ ಮೊದಲ ಬರಬೇಕಾಗಿತ್ತಲ್ರಿ," ಎಂದೆ.

ಅವಳು ಚಹಾ ಮುಟ್ಟದೆ ಎದ್ದು ಹೋದಳು. ಬಹಳ ದಿನಗಳ ಮೇಲೆ ಅವತ್ತು ನನಗೆ ಹೊಟ್ಟೆ ತುಂಬ ಊಟ ಸೇರಿತು.

ಹಾಗೆಂದು ಹೆದರಿರಲಿಲ್ಲ ಎಂದಲ್ಲ. ಕೀಮೋ ಕೊಡುವ ದೊಡ್ಡ ಕೋಣೆಯಲ್ಲಿ ಕೂತಾಗ ಬಾಗಿಲು ಎಲ್ಲಿದೆ ಎಂದು ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದೆ. ಎಲ್ಲರ ಕೈಗೂ ಸಲೈನ್ ನಳಿಗೆ, ಎಲ್ಲರ ಕಾಲ ಬಳಿ ಒಂದು ಚೀಲ, ಒಂದು ಸ್ಟೀಲ್ ಡಬ್ಬಿ. ಗೋಡೆಯ ಟಿ.ವಿ.ಯಲ್ಲಿ ಸದ್ದಿಲ್ಲದೆ ತೆಲುಗು ಧಾರಾವಾಹಿ ನಡೆಯುತ್ತಿತ್ತು. ಅಲ್ಲಿ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮೊನ್ನೆ ಇದ್ದವರು ಇವತ್ತು ಯಾಕೆ ಬಂದಿಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ. ಒಂದು ದಿನ ಮೂಲೆಯಿಂದ ಕನ್ನಡ ಕೇಳಿಸಿತು. "ಎಮ್ಮಿಗಿ ನೀರ ಕುಡಿಸಿದ್ರೋ ಇಲ್ಲೋ? ನಾ ಇಲ್ಲಿ ಕುಂತೇ ಎಲ್ಲಾ ಹೇಳಬೇಕೇನು?" ಎಂದು ಒಬ್ಬಳು ಫೋನಿನಲ್ಲಿ ಗಂಡನನ್ನು ಬೈಯುತ್ತಿದ್ದಳು. ಮನೂರಿನ ಕಡೆಯವಳು. ನನ್ನ ಸಲೈನ್ ಸ್ಟ್ಯಾಂಡನ್ನು ತಳ್ಳಿಕೊಂಡು ಹೋಗಿ ಅವಳ ಪಕ್ಕ ಕೂತೆ. ಯಾರು, ಎಲ್ಲಿಯವಳು ಎಂದು ಕೇಳುವ ಮೊದಲೇ ಡಬ್ಬಿ ತೆಗೆದು ಜೋಳದ ರೊಟ್ಟಿ, ಪುಂಡಿಪಲ್ಯ ಕೈಗಿಟ್ಟಳು. "ತಿನ್ನು. ವಾಂತಿ ಆದ್ರ ಆಗ್ಲಿ, ಅರ್ಧರೆ ಒಳಗ ಉಳೀತದ," ಎಂದಳು. ಆಮೇಲೆ ಎರಡು ಮೂರು ಸಲ ಸಿಕ್ಕಳು, ಮುಂದೆ ಕಾಣಲಿಲ್ಲ. ಅವಳ ದಿನ ಬದಲಾಗಿರಬೇಕು ಎಂದು ನಂಬಿಕೊಂಡಿದ್ದೇನೆ.

ಕೂದಲು ಉದುರಲು ಬಿಡಲಿಲ್ಲ, ನಾನೇ ಬೋಳಿಸಿಕೊಂಡೆ. ತಲೆಗೆ ಬಟ್ಟೆ ಕಟ್ಟದೆ ಅಂಗಡಿಯ ಗಲ್ಲೆಯ ಮೇಲೆ ಹೋಗಿ ಕೂತೆ. ತಿರುಪತಿಗೆ ಹೋಗಿದ್ರೇನ್ರಿ ಎಂದು ಕೇಳಿದವರಿಗೆ ಇಲ್ಲ, ಕ್ಯಾನ್ಸರ್ ಎಂದೆ. ಮೊದಮೊದಲು ಜನ ದೂರ ನಿಂತರು. ಆಮೇಲೆ ಕೆಲವು ರೈತರು ತಮ್ಮ ಹೆಂಡತಿಯರನ್ನು ಕರೆತಂದು, ಇವರಿಗೊಂದು ಸ್ವಲ್ಪ ತೋರಿಸ್ರಿ ಅಕ್ಕೋರೇ ಎಂದು ಹೊರಗೆ ನಿಲ್ಲತೊಡಗಿದರು. ಗೋಡೌನಿನಲ್ಲಿ ಗೊಬ್ಬರದ ಚೀಲಗಳ ಮರೆಯಲ್ಲಿ, ಗಂಟನ್ನು ಹೇಗೆ ಮುಟ್ಟಿ ನೋಡಿಕೊಳ್ಳಬೇಕು ಎಂದು ಎಷ್ಟೋ ಹೆಣ್ಣುಮಕ್ಕಳಿಗೆ ತೋರಿಸಿಕೊಟ್ಟಿದ್ದೇನೆ.

ಕೀಮೋ ನಡೆಯುತ್ತಿರುವಾಗಲೇ ಡಾಕ್ಟರು ಇನ್ನೊಂದು ರಕ್ತ ಪರೀಕ್ಷೆ ಮಾಡಿಸಿದರು. ನಿನ್ನ ವಯಸ್ಸಿಗೆ, ಈ ಬಗೆಯ ಗಂಟು ಎಂದರೆ ಜೀನು ನೋಡಲೇಬೇಕು ಎಂದರು. ಅದರ ಫಲಿತಾಂಶ ಹೇಳಲು ಒಂದು ಬೇರೆಯೇ ಕೋಣೆ, ಅಲ್ಲಿ ಇನ್ನೂ ಮದುವೆಯಾಗದಂತೆ ಕಾಣುವ ಒಬ್ಬ ಹುಡುಗಿ. ಜೀನಿನ ಸಲಹೆಗಾರ್ತಿ ಅವಳು. ಅವಳು ಹೇಳಿದ್ದರಲ್ಲಿ ನನಗೆ ಹತ್ತಿದ್ದು ಇಷ್ಟು. ಮೈಯೊಳಗೆ ದಿನವೂ ಏನೇನೋ ಹರಿದುಹೋಗುತ್ತಿರುತ್ತದೆ, ಅದನ್ನು ಹೊಲಿದು ಸರಿಮಾಡುವ ಒಂದು ಜೀನು ಇರುತ್ತದೆ. ನನ್ನದು ಹುಟ್ಟಿನಿಂದಲೇ ಕೆಟ್ಟಿದೆ. ನಾನು ಕೆಡಿಸಿದ್ದಲ್ಲ, ಅಂಗಡಿಯ ಔಷಧ ಕೆಡಿಸಿದ್ದಲ್ಲ. ಯಾವ ಕಾಲದ ಯಾವ ಹಿರಿಯರಲ್ಲೋ ಆದ ಬದಲಾವಣೆ, ಹೆತ್ತವರಿಂದ ಮಕ್ಕಳಿಗೆ ದಾಟುತ್ತ ಬಂದಿದೆ. ಒಂದೊಂದು ಮಗುವಿಗೂ ದಾಟಬಹುದು, ದಾಟದೆಯೂ ಇರಬಹುದು, ಎರಡಕ್ಕೂ ಸಮ ಅವಕಾಶ. ಇನ್ನೊಂದು ಮೊಲೆಗೂ, ಗರ್ಭಕೋಶದ ಪಕ್ಕದ ಅಂಡಾಶಯಕ್ಕೂ ಅಪಾಯವಿದೆ.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅಪ್ಪ ಅವ್ವನ ಕಡೆ ನೋಡದೆಯೇ, "ಇದು ನಿಮ್ಮ ಕಲ್ಹೇರ್ ಮಂದೀದು. ನಿಮ್ಮವ್ವ ಯಾವಾಗ್ಲೂ ಖಾಯಿಲೆ ಮನುಷ್ಯಾಳ," ಎಂದ.

ಅವ್ವ ಕಲ್ಹೇರದವಳು. ಅವಳ ತಾಯಿಗೆ ದಮ್ಮು ಇತ್ತು, ಅಷ್ಟೇ. ಆದರೂ ಅವ್ವ ಚೀಲ ಎತ್ತಿಕೊಂಡು ಎದ್ದಳು. ತವರಿನ ಮೇಲೆ ಬಂದ ಮಾತನ್ನು ನುಂಗಿ ನುಂಗಿ ಅವಳಿಗೆ ರೂಢಿಯಾಗಿ ಹೋಗಿದೆ. ಮುಂದೆ ಒಂದು ತಿಂಗಳು ನಮ್ಮ ಬಳಗದಲ್ಲಿ ಕಲ್ಹೇರದ ಹೆಸರು ಕೆಟ್ಟಿತು. ಅವ್ವನ ಅಣ್ಣನ ಮನೆಗೆ ಯಾರೋ ಫೋನ್ ಮಾಡಿ ನಿಮ್ಮ ಮನೆಯ ಬೀಮಾರಿ ಎಂದೂ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಮುಂದಿನ ಸಲ ಹೈದರಾಬಾದಿಗೆ ಹೋಗುವಾಗ ಅವ್ವನನ್ನು ಕರೆದೊಯ್ದು ರಕ್ತ ಕೊಡಿಸಿದೆ. ಅವಳಲ್ಲಿ ಆ ಕೆಟ್ಟ ಜೀನು ಇರಲಿಲ್ಲ.

ಅದನ್ನು ಹೇಳುವ ದಿನ ಅಪ್ಪನೂ ಬರಲಿ ಎಂದು ಆ ಸಲಹೆಗಾರ್ತಿ ಹುಡುಗಿಯೇ ಹೇಳಿ ಕಳಿಸಿದ್ದಳು. ಅಮ್ಮನಿಂದ ಬಂದಿಲ್ಲವೆಂದರೆ ಅಪ್ಪನಿಂದಲೇ ಬಂದಿರಬೇಕು ಎಂದಳು. ಅಪ್ಪ ನಕ್ಕ. ಹೆಂಗಸರ ಬೀಮಾರಿ ಗಂಡಸಿನಿಂದ ಹೇಗೆ ಬರುತ್ತದೆ ಎಂದ. ಬರುತ್ತದೆ, ಗಂಡಸರು ಹೊತ್ತು ತಿರುಗುತ್ತಾರೆ, ಗೊತ್ತಾಗುವುದಿಲ್ಲ ಎಂದಳು ಹುಡುಗಿ. ಆಮೇಲೆ ಕೇಳಿದಳು, ನಿಮಗೆ ಅಕ್ಕತಂಗಿಯರಿದ್ದಾರೆಯೇ?

"ಇದ್ರು. ಇಬ್ಬರು. ಇಬ್ಬರೂ ತೀರಿಹೋಗ್ಯಾರ."

ಹೇಗೆ ತೀರಿಕೊಂಡರು?

ಅಪ್ಪ ಸಹಜವಾಗಿ ಹೇಳಿದ. ಅಕ್ಕ ಶಂಕರೆಮ್ಮನನ್ನು ನಾರಾಯಣಖೇಡಕ್ಕೆ ಕೊಟ್ಟಿತ್ತು, ಎಮ್ಮೆ ಎದೆಗೆ ಒದ್ದು ಗಡ್ಡೆಯಾಗಿ ಹುಣ್ಣಾಗಿ ಸತ್ತಳು. ತಂಗಿ ಸಿದ್ದಮ್ಮನನ್ನು ತಾಂಡೂರಿಗೆ ಕೊಟ್ಟಿತ್ತು, ಅಲ್ಲಿಯ ಕಲ್ಲುಗಣಿಯ ಧೂಳು ಹೊಟ್ಟೆಗೆ ಹೋಗಿ, ಹೊಟ್ಟೆ ಊದಿಕೊಂಡು ಸತ್ತಳು. ಇಬ್ಬರಿಗೂ ಐವತ್ತು ಆಗಿರಲಿಲ್ಲ.

ಆ ಹುಡುಗಿ ಬರೆಯುವುದನ್ನು ನಿಲ್ಲಿಸಿದಳು. ಮೊದಲ ದಿನವೇ ಯಾಕೆ ಇದನ್ನು ಹೇಳಲಿಲ್ಲ ಎಂದು ಕೇಳಿದಾಗ ಅಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಮ್ಮ ಮನ್ಯಾಗ ಕೇಳಿದ್ರಿ. ಅವರು ಕೊಟ್ಟ ಹೆಣ್ಣುಮಕ್ಕಳು. ಅವರ ಸಾವು ಆ ಮನೀವು," ಎಂದ.

ನಾನು ಅಪ್ಪನ ಮುಖ ನೋಡುತ್ತ ಕೂತೆ. ನಮ್ಮಲ್ಲಿ ಹೆಣ್ಣನ್ನು ಕೊಟ್ಟ ಮೇಲೆ ಅವಳ ಹೆಸರಿನ ಮುಂದಿನ ಮನೆ ಬೇರೆ, ಅವಳಿಗೆ ಮಣ್ಣು ಕೊಡುವ ಹೊಲ ಬೇರೆ. ಅವಳಿಗೆ ಏನಾದರೂ ಆದರೆ ಕಾರಣವನ್ನೂ ಆ ಮನೆಯಲ್ಲೇ ಹುಡುಕುತ್ತಾರೆ. ನಾರಾಯಣಖೇಡದವರು ಎಮ್ಮೆಯನ್ನು ಹುಡುಕಿದರು, ತಾಂಡೂರಿನವರು ಕಲ್ಲಿನ ಧೂಳನ್ನು ಹುಡುಕಿದರು. ಇಬ್ಬರೂ ಒಂದೇ ತಾಯಿಯ ಮಕ್ಕಳು, ಒಂದೇ ಅಂಗಳದಲ್ಲಿ ಆಡಿದವರು ಎಂಬುದನ್ನು ಯಾರೂ ಸೇರಿಸಿ ನೋಡಲಿಲ್ಲ. ನಾನು ಸತ್ತಿದ್ದರೆ ನನ್ನ ಸಾವೂ ಜಹೀರಾಬಾದಿನ ಅಂಗಡಿಯ ವಾಸನೆಗೆ ಸೇರುತ್ತಿತ್ತು. ಆ ಕೋಣೆಯಲ್ಲಿ ನನಗೆ ಬಂದ ಸಿಟ್ಟನ್ನು ನಾನು ಕ್ಯಾನ್ಸರಿನ ಮೇಲೂ ಮಾಡಿರಲಿಲ್ಲ.

ನನ್ನ ತಮ್ಮನೂ ರಕ್ತ ಕೊಟ್ಟ. ಅವನಿಗೆ ದಾಟಿರಲಿಲ್ಲ. ಝರಾಸಂಗಂನ ಹೊಲವೆಲ್ಲ ಅವನಿಗೆ ಹೋಗಿತ್ತು, ಹೆಣ್ಣುಮಗಳಾದ ನನಗೆ ಇದು ಬಂದಿತ್ತು. ಇದನ್ನು ಅಪ್ಪನ ಮುಂದೆಯೇ ಹೇಳಿ ನಕ್ಕೆ, ತಮ್ಮನೂ ನಕ್ಕ, ಅಪ್ಪ ನಗಲಿಲ್ಲ.

ಎರಡೂ ಮೊಲೆ, ಅಂಡಾಶಯ ಎಲ್ಲವನ್ನೂ ತೆಗೆಸಿಬಿಡಲು ಒಪ್ಪಿಕೊಂಡೆ. ಆಪರೇಷನ್ ದಿನ ನರ್ಸ್ ಮೈಮೇಲಿನದೆಲ್ಲ ತೆಗೆಯಿರಿ ಎಂದಳು. ಬಳೆ, ತಾಳಿ, ಕಾಲುಂಗುರ ಕೊಟ್ಟೆ. ಕೊರಳಲ್ಲಿ ಇಷ್ಟಲಿಂಗವಿತ್ತು. ಹುಟ್ಟಿದ ಕೂಸಿಗೆ ಕಟ್ಟುವ ಲಿಂಗ, ಮಣ್ಣಾಗುವಾಗಲೂ ಮೈಮೇಲಿಂದ ಇಳಿಯುವುದಿಲ್ಲ. ಅದನ್ನು ತೆಗೆಯಲಾರೆ ಎಂದೆ. ನರ್ಸ್ ರೂಲ್ಸ್ ಎಂದಳು. ಜಗಳ ಶುರುವಾಗುವ ಹೊತ್ತಿಗೆ ಅರಿವಳಿಕೆಯ ಡಾಕ್ಟರು ಬಂದರು, ಮುಸ್ಲಿಮ್ ಹಿರಿಯರು. ವಿಷಯ ಕೇಳಿ, ಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ಮಾತ್ರ ತೆಗೆಸಿ, ಲಿಂಗವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ನನ್ನ ಮುಂಗೈಗೆ ತಾವೇ ಕಟ್ಟಿದರು. "ಇದೂ ಇರ್ಲಿ ಬೇಟಾ, ನಾವೂ ಇರ್ತೀವಿ," ಎಂದು ನನ್ನ ಮಾತಿನಲ್ಲೇ ಹೇಳಿದರು. ಬೀದರದಲ್ಲಿ ಓದಿದವರಂತೆ. ಕಣ್ಣು ಮುಚ್ಚುವಾಗ ನಾನು ಅತ್ತದ್ದು ಹೆದರಿಕೆಗಲ್ಲ.

ಈಗ ಆ ಲಿಂಗ ಚಪ್ಪಟೆ ಎದೆಯ ಮೇಲೆ ನೇರವಾಗಿ ಕೂರುತ್ತದೆ, ಎಡಕ್ಕೂ ಬಲಕ್ಕೂ ಜಾರುವುದಿಲ್ಲ. ಪೂಜೆಗೆ ಕೂತಾಗ ಇಷ್ಟು ಅನುಕೂಲ ಮುಂಚೆ ಇರಲಿಲ್ಲ ಎಂದು ಅವ್ವನಿಗೆ ಹೇಳಿದೆ. ಅವಳು ನಗಬೇಕೋ ಬೈಯಬೇಕೋ ತಿಳಿಯದೆ ಅಡುಗೆಮನೆಗೆ ಹೋದಳು.

ಆದರೆ ಮನೆಗೆ ಬಂದ ಮೇಲೆ ನನ್ನ ನಿದ್ದೆ ಕೆಡಿಸಿದ್ದು ನನ್ನ ಗಾಯವಲ್ಲ, ಮಂಗಲಾ. ತಾಂಡೂರಿನ ಸಿದ್ದಮ್ಮ ಅತ್ತೆಯ ಒಬ್ಬಳೇ ಮಗಳು, ನನಗಿಂತ ಸ್ವಲ್ಪ ಚಿಕ್ಕವಳು. ಅಣ್ಣತಮ್ಮಂದಿರಿಲ್ಲ, ತಂದೆಯೂ ಹೋಗಿದ್ದಾನೆ. ಅವಳನ್ನು ತಾಂಡೂರಿನಲ್ಲೇ ಸಿಮೆಂಟ್ ಫ್ಯಾಕ್ಟರಿಯ ನೌಕರ ಶಿವರಾಜನಿಗೆ ಕೊಟ್ಟಿದೆ. ಅವಳ ತಾಯಿಯ ಹೊಟ್ಟೆ ಊದಿದ್ದು ಧೂಳಿನಿಂದಲ್ಲ, ಅಂಡಾಶಯದ ಕ್ಯಾನ್ಸರಿನಿಂದ ಎಂದು ನನಗೆ ಈಗ ಗೊತ್ತು. ಮಂಗಲಾಗೆ ಗೊತ್ತಿಲ್ಲ. ಅಂಡಾಶಯದ ಕಾಯಿಲೆ ಮುಟ್ಟಿ ನೋಡಿದರೆ ಸಿಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ ಎಂದು ಆ ಸಲಹೆಗಾರ್ತಿ ಹೇಳಿದ್ದಳು. ಮಂಗಲಾ ಪರೀಕ್ಷೆ ಮಾಡಿಸಲೇಬೇಕು, ಅದೂ ಬೇಗ.

ಗಾಯ ಒಣಗಿದ ಕೂಡಲೇ ರಾಜಶೇಖರರೊಂದಿಗೆ ತಾಂಡೂರಿಗೆ ಹೋದೆ. ಮಂಗಲಾಳ ಅತ್ತೆ ಗುರಮ್ಮ ನೀಲಿಗಲ್ಲಿನ ಪಡಸಾಲೆಯಲ್ಲಿ ಚಾಪೆ ಹಾಸಿದರು, ಚಹಾ ಕೊಟ್ಟರು. ಎಲ್ಲವನ್ನೂ ಹೇಳಿದೆ. ಮಂಗಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ನಮ್ಮ ಮನ್ಯಾಗ ಅಂಥಾದ್ದು ಇಲ್ಲವ್ವ," ಎಂದರು ಗುರಮ್ಮ. "ಪೂಜಾನ ಮಾತುಕತಿ ನಡದದ. ಇಂಥ ಮಾತು ಹೊರಗ ಬಿತ್ತಂದ್ರ ಯಾರ್ ಮಾಡ್ಕೋತಾರ? ನೀ ಆರಾಮಾಗಿ ಅದಿ, ದೇವರು ದೊಡ್ಡಾಂವ. ಇನ್ನ ಈ ಸುದ್ದಿ ಬಿಡು."

ಪೂಜಾ ಮಂಗಲಾಳ ಮಗಳು, ಆಗ ಡಿಗ್ರಿಯ ಕೊನೆಯ ವರ್ಷ. ಶಿವರಾಜ ಮಾತಾಡಲಿಲ್ಲ. ಕೆಟ್ಟವನಲ್ಲ, ತಾಯಿಯ ಎದುರು ತುಟಿ ಬಿಚ್ಚುವುದಿಲ್ಲ. ನಾವು ಎದ್ದೆವು. ಬಸ್ ನಿಲ್ದಾಣದ ದಾರಿಯಲ್ಲಿ ಹಿಂದಿನಿಂದ ಮಂಗಲಾ ಓಡಿ ಬಂದಳು, ಮೊಸರು ತರುತ್ತೇನೆಂದು ಹೇಳಿ ಬಂದಿದ್ದಳು.

"ಅಕ್ಕಾ, ನಮ್ಮವ್ವ ಸಾಯೋ ಮುಂದ ಆರು ತಿಂಗಳು ನಾನೇ ಅಕೀ ಹೊಟ್ಟಿ ಒರೆಸೀನಿ," ಎಂದಳು. "ನಂಗ ಹಂಗ ಸಾಯಾಕ ಮನಸ್ಸಿಲ್ಲ. ಖರೆ, ನನ್ನ ಕೈಯಿಂದ ಏನೂ ಆಗಂಗಿಲ್ಲ. ನನಗ ಕೇಳೋರು ಯಾರದಾರ?"

ನಾನು ಅವಳ ಮಾವನ ಮಗಳು, ಅಷ್ಟೇ. ಆ ಮನೆಯಿಂದ ಅವಳನ್ನು ಎಬ್ಬಿಸಿ ಕರೆದೊಯ್ಯುವ ಹಕ್ಕು ತವರಿನ ಗಂಡಸಿಗೆ ಮಾತ್ರ ಇರುವುದು. ಅವಳಿಗೆ ಉಳಿದಿದ್ದ ತವರು ಒಂದೇ, ಅವಳ ಸೋದರಮಾವ, ನನ್ನ ಅಪ್ಪ. ಅವನೋ ಆ ಕೋಣೆಯಿಂದ ಬಂದ ಮೇಲೆ ಈ ವಿಷಯ ಎತ್ತಿದರೆ ಎದ್ದು ಹೊಲಕ್ಕೆ ಹೋಗುತ್ತಿದ್ದ. ತನ್ನ ರಕ್ತ ಕೊಡಲು ಒಪ್ಪಿರಲಿಲ್ಲ. ಡಾಕ್ಟರಿಗೇನು ಗೊತ್ತು ನಮ್ಮ ಖಾನದಾನ ಎನ್ನುತ್ತಿದ್ದ.

ಶಂಕರೆಮ್ಮ ಅತ್ತೆಯದ್ದಾದರೂ ಸರಿಯಾಗಿ ತಿಳಿಯೋಣ ಎಂದು ನಾರಾಯಣಖೇಡಕ್ಕೆ ಹೋದೆ. ಅತ್ತೆಗೆ ಮಕ್ಕಳಿರಲಿಲ್ಲ, ಗಂಡನೂ ಇಲ್ಲ. ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಇದ್ದಳು. ಹಣ್ಣುಹಣ್ಣು ಮುದುಕಿ. ಎಮ್ಮೆಯ ಮಾತೆತ್ತಿದೆ.

"ಯಾವ ಎಮ್ಮಿನೂ ಒದ್ದಿಲ್ಲವ್ವ. ಗಡ್ಡಿ ಮೊದಲೇ ಇತ್ತು, ಅರಬಿ ಸುತ್ಕೊಂಡು ಮುಚ್ಚಿಟ್ಟಿದ್ಳು," ಎಂದಳು ಮುದುಕಿ. "ವಾಸನಿ ಬರಾಕ ಹತ್ತಿದ ಮ್ಯಾಲ ನಾ ನೋಡೀನಿ. ಗಂಡಸರಿಗಿ ಎದಿ ಗಡ್ಡಿ ಅಂತ ಹೆಂಗ ಹೇಳೋದು? ಎಮ್ಮಿ ಒದ್ದದ ಅಂತ ಹೇಳು ಅಂದ್ಳು. ಹೇಳ್ದೆ. ಆಮ್ಯಾಲ ಪಂಚಮಿ ಬಂತು. ತಮ್ಮ ಕರೀಯಾಕ ಬರ್ತಾನ, ಅವನ ಮುಂದ ಹೇಳ್ತೀನಿ, ಅಂವ ದವಾಖಾನಿಗಿ ಒಯ್ತಾನ ಅಂತ ಬಾಗಲ್ದಾಗೇ ಕುಂತಳು. ಯಾರೂ ಬರ್ಲಿಲ್ಲ."

ನಮ್ಮ ಕಡೆ ನಾಗರಪಂಚಮಿಗೆ ಕೊಟ್ಟ ಹೆಣ್ಣುಮಕ್ಕಳನ್ನು ತವರಿನವರು ಹೋಗಿ ಕರೆತರಬೇಕು. ಉಂಡಿ ಕಟ್ಟಿಕೊಂಡು ತವರಿನವನು ಬಾಗಿಲಿಗೆ ಬಂದು ನಿಂತರೆ ಎಂಥ ಗಟ್ಟಿ ಅತ್ತೆಯೂ ಸೊಸೆಯನ್ನು ಕಳಿಸಲೇಬೇಕು. ಆ ವರ್ಷ ಅಪ್ಪ ಯಾಕೆ ಹೋಗಲಿಲ್ಲವೋ ನಾನು ಕೇಳಲಿಲ್ಲ. ಝರಾಸಂಗಂಗೆ ಹೋಗಿ, ಮುದುಕಿ ಹೇಳಿದ್ದನ್ನು ಒಂದು ಮಾತೂ ಬಿಡದೆ ಅವನ ಮುಂದೆ ಹೇಳಿದೆ. ಮೆತ್ತಗೆ ಹೇ‌ಳಬಹುದಿತ್ತು, ಹೇಳಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತಿದ್ದವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಅವ್ವನನ್ನು ಕರೆದು, ಈ ಸಲ ಪಂಚಮಿ ಯಾವತ್ತು ಎಂದು ಕೇಳಿದ.

ಪಂಚಮಿಯ ಎರಡು ದಿನ ಮುಂಚೆ ಅವ್ವ ಶೇಂಗಾ ಉಂಡಿ, ಎಳ್ಳಿನ ಉಂಡಿ, ತಂಬಿಟ್ಟು ಕಟ್ಟಿದಳು. ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಹಸಿರು ಸೀರೆ ಕೊಂಡು, ಬುಟ್ಟಿ ಹಿಡಿದುಕೊಂಡು ನನ್ನ ಜೊತೆ ತಾಂಡೂರಿನ ಬಸ್ಸು ಹತ್ತಿದ. ಸಿದ್ದಮ್ಮ ಅತ್ತೆ ಸತ್ತ ಮೇಲೆ ಅವನು ಮಂಗಲಾಳನ್ನು ಒಮ್ಮೆಯೂ ಪಂಚಮಿಗೆ ಕರೆದಿರಲಿಲ್ಲ. ಬಾಗಿಲಲ್ಲಿ ಬುಟ್ಟಿ ನೋಡಿ ಗುರಮ್ಮ ಗಲಿಬಿಲಿಯಾದರು, ಕಾಲಿಗೆ ನೀರು ಕೊಟ್ಟರು. ಮಂಗಲಾ ಒಳಗಿನಿಂದ ಓಡಿ ಬಂದವಳು ಮಾವನ ಮುಂದೆ ನಿಂತು ಅತ್ತುಬಿಟ್ಟಳು.

ಅಪ್ಪ ಸುಮ್ಮನೆ ಹಬ್ಬವೆಂದು ಹೇಳಿ ಅವಳನ್ನು ಕರೆದೊಯ್ಯಬಹುದಿತ್ತು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಅವನು ಚಾಪೆಯ ಮೇಲೆ ಕೂತು ಹೇಳಿದ, "ಬೀಗರ, ಸುಳ್ಳು ಹೇಳಿ ಒಯ್ಯಂಗಿಲ್ಲ. ಪಂಚಮಿಗಿ ಕರೀಯಾಕ ಬಂದೀನಿ, ಖರೆ. ಹಬ್ಬ ಮುಗದ ಮರುದಿನ ಹೈದ್ರಾಬಾದ ದವಾಖಾನಿಗಿ ಒಯ್ತೀನಿ. ರಕ್ತ ಕೊಡಸ್ತೀನಿ."

"ಮಂದಿಗಿ ಗೊತ್ತಾದ್ರ ನಮ್ಮ ಪೂಜಾನ ರಿಷ್ತಾ ಮುರೀತದ ಮಾವ," ಎಂದ ಶಿವರಾಜ. ಅವನು ಮಾತಾಡಿದ್ದು ಅದೇ ಮೊದಲು.

"ಮುರದ್ರ ನನ್ನ ಹೆಸರ ಹೇಳ್ರಿ. ಈ ಬೀಮಾರಿ ನಿಮ್ಮನೀದಲ್ಲ, ತಾಂಡೂರ ಧೂಳಿಂದೂ ಅಲ್ಲ. ಝರಾಸಂಗಮ್ಮಿನ ಕಾಶೀನಾಥಪ್ಪನ ಮನೀದು ಅಂತ ಊರೆಲ್ಲಾ ಹೇಳ್ರಿ. ನಾನೂ ಹೇಳ್ತೀನಿ." ಅಪ್ಪ ಬುಟ್ಟಿಯನ್ನು ಗುರಮ್ಮನ ಕಡೆ ಸರಿಸಿದ. "ನನ್ನ ಅಕ್ಕ, ನನ್ನ ತಂಗಿ, ಇಬ್ಬರಿಗೂ ಕೊಟ್ಟ ಮನೀ ಮಂದಿ ಅಂತ ಬಿಟ್ಟೆ. ಈ ಹುಡುಗಿನ್ನ ಬಿಡಂಗಿಲ್ಲ."

ನನ್ನ ಜನ್ಮದಲ್ಲಿ ಅಪ್ಪ ತನ್ನ ಮನೆಯ ಮೇಲೆ ತಪ್ಪು ಹೊತ್ತುಕೊಂಡಿದ್ದನ್ನು ನಾನು ಕಂಡಿರಲಿಲ್ಲ. ಅವನ ಮೇಲೆ ಇಷ್ಟು ದಿನ ಕಟ್ಟಿಕೊಂಡಿದ್ದ ಸಿಟ್ಟು ಅಲ್ಲೇ ಇಳಿದುಹೋಯಿತು, ಪೂರ್ತಿ ಅಲ್ಲ, ಮುಕ್ಕಾಲು ಭಾಗ. ಗುರಮ್ಮ ಬುಟ್ಟಿಯನ್ನು ನೋಡಿದರು, ಮಗನನ್ನು ನೋಡಿದರು. ಹಬ್ಬದ ಬುಟ್ಟಿಯನ್ನು ಹಿಂದಕ್ಕೆ ಕಳಿಸಲು ಅವರಿಂದಾಗಲಿಲ್ಲ. ಒಳಗಿನಿಂದ ಕುಂಕುಮದ ಬಟ್ಟಲು ತಂದು ಸೊಸೆಯ ಹಣೆಗೆ ಹಚ್ಚಿ, "ಹೋಗಿ ಬಾ," ಎಂದರು. ಮುಖ ಮಾತ್ರ ಬಿಗಿದೇ ಇತ್ತು.

ಹಬ್ಬದಲ್ಲಿ ಮಂಗಲಾ ಜೋಕಾಲಿ ಆಡಿದಳು. ಮರುದಿನ ಆಸ್ಪತ್ರೆಯಲ್ಲಿ ಮೊದಲು ತೋಳು ಚಾಚಿದವನು ಅಪ್ಪ. ಅವಳ ರಕ್ತ ತೆಗೆಯುವಾಗ ಪಕ್ಕದಲ್ಲೇ ನಿಂತಿದ್ದ. ಕೆಲವು ವಾರಗಳ ಮೇಲೆ ಫಲಿತಾಂಶ ಬಂತು, ಇಬ್ಬರಲ್ಲೂ ಅದೇ ಕೆಟ್ಟ ಜೀನು ಇತ್ತು. ಹೇಳಿದಾಗ ಮಂಗಲಾ ಅಳಲಿಲ್ಲ, ಅಪ್ಪ ಅತ್ತ. "ನಾ ಕೊಟ್ಟಿಲ್ಲವ್ವ ನಿನಗ, ನಿಮ್ಮವ್ವ ಕೊಟ್ಟಾಳ," ಎಂದು ಮಗುವಿನಂತೆ ಹೇಳಿದ. ಮಂಗಲಾ ಅವನ ಕೈ ಹಿಡಿದುಕೊಂಡು, "ಅವ್ವಗ ಕೊಟ್ಟವರು ಯಾರೋ ಮಾವ, ಹೋಗ್ಲಿ ಬಿಡ್ರಿ," ಎಂದಳು.

ಮಕ್ಕಳಾಗುವುದು ಮುಗಿದಿದೆ, ಅಂಡಾಶಯ ಮತ್ತು ಅದರ ನಳಿಕೆಗಳನ್ನು ತೆಗೆಸಿಕೊಳ್ಳುವುದು ಒಳ್ಳೆಯದು ಎಂದರು ಡಾಕ್ಟರು. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ್ದನ್ನು ಯಾಕೆ ಕೊಯ್ಸೋದು ಎಂದು ಗುರಮ್ಮ ಫೋನಿನಲ್ಲಿ ಕೂಗಾಡಿದರು. ಮಂಗಲಾ ತಾನೇ ಸಹಿ ಹಾಕಿದಳು. ಶಿವರಾಜ ಆಪರೇಷನ್ ದಿನ ಬಂದ, ಬಾಗಿಲ ಹೊರಗೆ ಅಪ್ಪನ ಪಕ್ಕ ಕೂತ. ಇಷ್ಟರಲ್ಲಿ ಮಾತು ಹೊರಗೆ ಬಿದ್ದು ಪೂಜಾಳ ಸಂಬಂಧ ಮುರಿಯಿತು. ಹುಡುಗ ಇನ್ನೂ ಓದುತ್ತಾನಂತೆ ಎಂಬ ನೆಪ ಹೇಳಿ ಕಳಿಸಿದರು. ಅದು ಸಣ್ಣ ನೋವೆಂದು ನಾನು ಹೇಳುವುದಿಲ್ಲ. ಆ ಮನೆಯಲ್ಲಿ ಎರಡು ದಿನ ಒಲೆ ಸರಿಯಾಗಿ ಉರಿಯಲಿಲ್ಲ ಎಂದು ಆಮೇಲೆ ಕೇಳಿದೆ.

ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದರು. ಅದರ ಫಲಿತಾಂಶವನ್ನು ಡಾಕ್ಟರು ಶಿವರಾಜನಿಗೆ ಹೇಳಿದರು, ಅವನು ನನಗೆ ಹೇಳಿದ, ನೀವೇ ಅವಳಿಗೆ ಹೇಳಿ ಎಂದ. ತಾಂಡೂರಿಗೆ ಫೋನ್ ಮಾಡಿದೆ. ನಳಿಕೆಯ ತುದಿಯಲ್ಲಿ, ಸ್ಕ್ಯಾನಿಗೆ ಕಾಣದಷ್ಟು ಸಣ್ಣದಾಗಿ, ಶುರುವಾಗಿತ್ತು. ಹೊರಗೆಲ್ಲೂ ಹೋಗಿರಲಿಲ್ಲ. ಪೂರ್ತಿ ತೆಗೆದಾಗಿದೆ, ಇನ್ನು ಕಾಲಕಾಲಕ್ಕೆ ನೋಡಿಸಿಕೊಳ್ಳುತ್ತಿದ್ದರೆ ಸಾಕು ಎಂದು ಹೇಳಿದೆ.

ಆ ಕಡೆಯಿಂದ ಮಂಗಲಾ ಕೇಳಿದಳು, "ಅಕ್ಕಾ, ನಮ್ಮವ್ವಗೂ ಮೊದಲ ಇಷ್ಟೇ ಇತ್ತೇನು?"

"ಹೌದು. ಅಕೀಗೂ ಮೊದಲ ಇಷ್ಟೇ ಇದ್ದಿರಬೇಕು."

ಆಗ ಅತ್ತಳು. ನಾನೂ ಗಲ್ಲೆಯ ಮೇಲೆ ಕೂತು, ಗಿರಾಕಿಗಳ ಎದುರೇ ಅತ್ತೆ. ಹಿಂದಿನಿಂದ ಗುರಮ್ಮನ ದನಿ ಕೇಳಿಸಿತು. "ಪೂಜಾನ ಮುಂದ ಏನೂ ಹೇಳಬ್ಯಾಡ್ರಿ, ಹುಡುಗಿ ಹೆದರ್ತದ, ಇನ್ನ ಲಗ್ನ ಆಗಬೇಕು," ಎನ್ನುತ್ತಿದ್ದರು. ಅವರ ದನಿಯಲ್ಲಿ ಈಗ ಸಿಟ್ಟಿರಲಿಲ್ಲ, ಬರೀ ಹೆದರಿಕೆ ಇತ್ತು.

"ಅತ್ತಿ, ನೀವ್ ಸುಮ್ಮ ಕೂಡ್ರಿ," ಎಂದಳು ಮಂಗಲಾ. ಅವಳು ಅವರಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ನನಗೆ ಹೇಳಿದಳು, "ಅಕ್ಕಾ, ಪೂಜಾ ಇಲ್ಲೇ ಅದಾಳ. ಫೋನ್ ಅಕೀ ಕೈಯಾಗ ಕೊಡ್ತೀನಿ. ಏನೂ ಮುಚ್ಚಿಡಬ್ಯಾಡ, ಎಲ್ಲಾ ಹೇಳು."

ಫೋನು ಕೈ ಬದಲಾಯಿತು. "ಹೇಳ್ರಿ ದೊಡ್ಡಮ್ಮ," ಎಂದಿತು ಹುಡುಗಿ.

ಕೂತ್ಕೋ ಎಂದೆ. ಅವಳು ಕೂತ ಮೇಲೆ, ಶಂಕರೆಮ್ಮನಿಂದ ಶುರು ಮಾಡಿದೆ.